ಕೆಲಸವನ್ನೂ ಮನಸ್ಸಿನ ಸ್ವಸ್ಥತೆಯನ್ನೂ ಕಳಕೊಂಡ ಸಹೋದರನು
(ಸಭೆಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ನಮ್ಮ ಹಳ್ಳಿಯ ಸಭೆಗಳಲ್ಲಿ ಒಬ್ಬನು ಚಳಿಜ್ವರದಿಂದ ಮಲಗಿದರೆ ಆ ಸುದ್ದಿಯು ಸಂಜೆಯೊಳಗೆ ಮನೆಮನೆಗೂ ಮುಟ್ಟುತ್ತದೆ. ಒಬ್ಬಳು ಗಂಜಿಯನ್ನು ಕಾಸಿ ತರುತ್ತಾಳೆ. ಇನ್ನೊಬ್ಬನು ಅವನ ಗದ್ದೆಗೆ ನೀರು ಕಟ್ಟುತ್ತಾನೆ. ಆದಿತ್ಯವಾರದ ಆರಾಧನೆಯಲ್ಲಿ ಅವನ ಹೆಸರು ಹಿಡಿದು ಪ್ರಾರ್ಥನೆ ನಡೆಯುತ್ತದೆ. ಆದರೆ ಅದೇ ಮನುಷ್ಯನ ಮನಸ್ಸು ರೋಗಕ್ಕೆ ಸಿಕ್ಕಿದರೆ ನಡೆಯುವದೇ ಬೇರೆ. ಮನೆಯವರು ಬಾಗಿಲನ್ನು ಮುಚ್ಚಿಕೊಳ್ಳುತ್ತಾರೆ. ನೆರೆಯವರು ದನಿ ತಗ್ಗಿಸಿ ಮಾತಾಡುತ್ತಾರೆ. ಪ್ರಾರ್ಥನೆಯಲ್ಲಿ ಅವನ ಹೆಸರು ಬರುವದಿಲ್ಲ. ಬಂದರೂ ಒಂದು ಕುಟುಂಬದ ಕಷ್ಟವೆಂದು ಮರೆಮಾಡಿ ಹೇಳಲ್ಪಡುತ್ತದೆ. ಆ ಮನುಷ್ಯನು ನಾಲ್ವತ್ತು ದಾಟಿದವನಾಗಿ, ಅದೇ ಕಾಲದಲ್ಲಿ ಕೈಯಲ್ಲಿದ್ದ ಕೆಲಸವನ್ನೂ ಕಳಕೊಂಡಿದ್ದರೆ, ಅವನ ಕಥೆಯು ಮುಗಿಯಿತೆಂದು ಊರು ತೀರ್ಮಾನಿಸಿಬಿಡುತ್ತದೆ.

ಈ ತೀರ್ಮಾನವು ಸರಿಯೋ ಅಲ್ಲವೋ ಎಂಬದನ್ನು ಈ ತಿಂಗಳಿನ ಪಾಠದಲ್ಲಿ ವಿಚಾರಿಸುವೆವು. ಇದಕ್ಕಾಗಿ ಅಮೆರಿಕ ದೇಶದ ಒಬ್ಬ ಸುವಾರ್ತಾಬೋಧಕರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಅವರ ಹೆಸರು ಆಂಟನ್ ಬೋಯ್ಸೆನ್. ಅವರೂ ಹಳ್ಳಿಗಾಡಿನ ಸಭೆಗಳಲ್ಲಿ ಸೇವೆ ಮಾಡಿದವರು. ನಾಲ್ವತ್ತನಾಲ್ಕು ವರುಷ ತುಂಬುವದಕ್ಕೆ ಕೆಲವೇ ದಿವಸಗಳಿರುವಾಗ, ಕೈಯಲ್ಲಿ ಕೆಲಸವಿಲ್ಲದ ಸಮಯದಲ್ಲಿ, ಬುದ್ಧಿಭ್ರಮಣೆಗೆ ಒಳಗಾಗಿ ಆಸ್ಪತ್ರೆಯ ಬೀಗಗಳ ಹಿಂದೆ ಹದಿನೈದು ತಿಂಗಳು ಕಳೆದವರು. ಅವರು ಆಮೇಲೆ ಆರಂಭಿಸಿದ ಕೆಲಸವು ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಈ ಚರಿತ್ರೆಯನ್ನು ಓದಿದವರು ತಮ್ಮ ಬೀದಿಯಲ್ಲಿರುವ ರೋಗಿಯನ್ನು ಬೇರೆ ಕಣ್ಣಿನಿಂದ ನೋಡಬೇಕೆಂಬದೇ ನಮ್ಮ ಉದ್ದೇಶವಾಗಿದೆ.

೧. ಕೆಲಸದ ಸಂಗಡ ಹೋಗುವಂಥವುಗಳು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳುವರು. ಈ ಗಾದೆಯು ಹಣದ ನಷ್ಟವನ್ನು ಮಾತ್ರ ಹೇಳುತ್ತದೆ. ಕೆಲಸ ಹೋದವನಿಗಾದರೋ ಹಣದ ಹೊರತು ಬೇರೆ ನಷ್ಟಗಳೂ ಉಂಟು. ಬೆಳಿಗ್ಗೆ ಏಳುವದಕ್ಕೆ ಒಂದು ಕಾರಣ, ಸಂಗಡ ದುಡಿಯುವವರ ಮಾತುಕತೆ, ಇಂಥವನು ಇಂಥ ಕೆಲಸದವನು ಎಂಬ ಹೆಸರು, ತನ್ನಿಂದ ನಾಲ್ಕು ಜನರಿಗೆ ಪ್ರಯೋಜನವುಂಟೆಂಬ ನೆಮ್ಮದಿ, ಇವೆಲ್ಲವೂ ಸಂಬಳದ ಸಂಗಡಲೇ ಹೋಗಿಬಿಡುತ್ತವೆ. ಕರಾವಳಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಕುಟುಂಬಗಳಿಗೆ ಇದನ್ನು ನಾವು ಹೇಳಿಕೊಡಬೇಕಾದದ್ದಿಲ್ಲ. ಇಪ್ಪತ್ತು ವರುಷ ಹಂಚು ಸುಡುವ ಗೂಡಿನ ಮುಂದೆ ದುಡಿದವನು, ಈಗ ಏನು ಮಾಡಿಕೊಂಡಿದ್ದೀಯಪ್ಪಾ ಎಂಬ ಪ್ರಶ್ನೆಗೆ ಅಂಜಿ, ಸಂತೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಬಳಸುದಾರಿಯನ್ನು ಹಿಡಿಯುವದುಂಟು.

ಇದನ್ನು ಕುರಿತು ಜಾಗ್ರತೆಯಿಂದ ಮಾಡಲ್ಪಟ್ಟ ಒಂದು ಶೋಧನೆ ಇದೆ. ಆಸ್ಟ್ರಿಯ ದೇಶದಲ್ಲಿ ವಿಯೆನ್ನ ಪಟ್ಟಣದ ಸಮೀಪದ ಮಾರಿಯೆಂಥಾಲ್ ಎಂಬ ಊರು ಒಂದೇ ಬಟ್ಟೆಯ ಗಿರಣಿಯನ್ನು ನಂಬಿ ಬದುಕುತ್ತಿತ್ತು. ೧೯೨೯ರಲ್ಲಿ ತೊಡಗಿದ ಲೋಕವ್ಯಾಪಕವಾದ ಮುಗ್ಗಟ್ಟಿನಲ್ಲಿ ಆ ಗಿರಣಿಯು ಮುಚ್ಚಲ್ಪಟ್ಟು ಊರಿಗೆ ಊರೇ ಕೆಲಸವಿಲ್ಲದ್ದಾಯಿತು. ಮಾರೀ ಯಾಹೋಡ ಎಂಬಾಕೆಯೂ ಆಕೆಯ ಜೊತೆಯವರೂ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ವಿಚಾರಿಸಿ ೧೯೩೩ರಲ್ಲಿ ಅದನ್ನು ಪ್ರಕಟಿಸಿದರು. ಅವರು ಕಂಡದ್ದೇನಂದರೆ, ಸಮಯವು ಬೇಕಾದಷ್ಟು ಇದ್ದಾಗ್ಯೂ, ಶುಲ್ಕವನ್ನು ತೆಗೆದುಹಾಕಿದಾಗ್ಯೂ, ಊರಿನ ಪುಸ್ತಕಾಲಯದಿಂದ ಪುಸ್ತಕಗಳನ್ನು ಒಯ್ಯುವವರು ಕಡಿಮೆಯಾದರು. ಬೀದಿಯಲ್ಲಿ ಗಂಡಸರು ಮೊದಲಿಗಿಂತ ನಿಧಾನವಾಗಿ ನಡೆಯುತ್ತಾ, ಅಲ್ಲಲ್ಲಿ ಸುಮ್ಮನೆ ನಿಲ್ಲುತ್ತಾ ಇದ್ದರು. ಹೆಂಗಸರ ನಡಿಗೆಯು ಅಷ್ಟು ನಿಧಾನವಾಗಲಿಲ್ಲ. ಯಾಕಂದರೆ ಒಲೆ, ಮಕ್ಕಳು, ಬಟ್ಟೆಬರೆ ಇವುಗಳ ಕೆಲಸವು ಅವರಿಗೆ ಉಳಿದೇ ಇತ್ತು. ಕೆಲಸವಿಲ್ಲದವನು ಸೋಮಾರಿಯಾದದರಿಂದ ಕೂತಿದ್ದಾನೆಂದು ನಾವು ಹೇಳುವದು ಸುಲಭ. ಆದರೆ ಕೂತಿರುವದು ಅನೇಕರಲ್ಲಿ ಗಾಯದ ಗುರುತೇ ಹೊರತು ಗಾಯದ ಕಾರಣವಲ್ಲ.

ಕೆಲಸ ಹೋದವರೆಲ್ಲರಿಗೂ ಮನೋರೋಗವು ಬರುವದಿಲ್ಲ; ಮನೋರೋಗವು ಬಂದವರೆಲ್ಲರೂ ಕೆಲಸ ಕಳಕೊಂಡವರಲ್ಲ. ಆದರೂ ಈ ಎರಡು ಸಂಕಟಗಳು ಒಂದನ್ನೊಂದು ಕೈಹಿಡಿದು ಬರುವದು ಬಹಳ. ಚಿಂತೆಯು ನಿದ್ರೆಯನ್ನು ಕೆಡಿಸುತ್ತದೆ. ನಿದ್ರೆಗೆಟ್ಟವನಿಂದ ಹೊಸ ಕೆಲಸವನ್ನು ಹುಡುಕುವದಾಗುವದಿಲ್ಲ. ಕೆಲಸ ಸಿಕ್ಕದಿರುವದು ಚಿಂತೆಯನ್ನು ಇನ್ನೂ ಹೆಚ್ಚಿಸುತ್ತದೆ. ಇದರ ಮೇಲೆ ಊರವರ ಮಾತು ಸೇರಿತೆಂದರೆ ಮನುಷ್ಯನು ಎದ್ದು ನಿಲ್ಲುವದಾದರೂ ಹೇಗೆ?

೨. ಬೋಯ್ಸೆನ್ ಅಯ್ಯನವರ ಬೀಳುವಿಕೆ

ಆಂಟನ್ ಬೋಯ್ಸೆನ್ ೧೮೭೬ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಇಂಡಿಯಾನ ಸೀಮೆಯ ಬ್ಲೂಮಿಂಗ್ಟನ್ ಊರಲ್ಲಿ ಹುಟ್ಟಿದರು. ತಂದೆಯು ವಿಶ್ವವಿದ್ಯಾಲಯದಲ್ಲಿ ಭಾಷೆಗಳನ್ನು ಕಲಿಸುವ ಉಪಾಧ್ಯಾಯನು. ಮಗನಿಗೆ ಏಳು ವರುಷವಾದಾಗ ಅವನು ತೀರಿಹೋದನು. ಬೋಯ್ಸೆನರು ಮೊದಲು ಭಾಷೆಗಳನ್ನು ಕಲಿಸಿದರು. ಆಮೇಲೆ ಅರಣ್ಯಶಾಸ್ತ್ರವನ್ನು ಕಲಿತು ಸರಕಾರದ ಅರಣ್ಯ ಇಲಾಖೆಯಲ್ಲಿ ಕೆಲಸಮಾಡಿದರು. ೧೯೦೮ರಲ್ಲಿ, ಮೂವತ್ತು ದಾಟಿದ ಮೇಲೆ, ಅದನ್ನು ಬಿಟ್ಟು ನ್ಯೂಯಾರ್ಕ್ ಪಟ್ಟಣದ ದೇವಜ್ಞಾನಶಾಲೆಗೆ ಸೇರಿದರು. ಕಲಿಕೆಯು ಮುಗಿದ ಬಳಿಕ ಹಳ್ಳಿಯ ಸಭೆಗಳ ಸ್ಥಿತಿಯನ್ನು ಊರೂರು ತಿರುಗಿ ವಿಚಾರಿಸಿ ಬರೆಯುವ ಕೆಲಸವನ್ನು ಮಾಡಿದರು. ಬಳಿಕ ಕೆಲವು ವರುಷ ಒಕ್ಕಲಿಗರ ಸಣ್ಣ ಸಭೆಗಳಲ್ಲಿ ಬೋಧಕರಾಗಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವೈ.ಎಂ.ಸಿ.ಎ. ಸಂಘದ ಮೂಲಕ ಯೂರೋಪಿಗೆ ಹೋಗಿ ಸೈನಿಕರ ನಡುವೆ ಸೇವೆಮಾಡಿದರು.

ಯುದ್ಧದಿಂದ ಮರಳಿದ ಮೇಲೆ ಅನೇಕ ಸಭಾಸಂಘಗಳು ಕೂಡಿ ನಡಿಸಿದ ಒಂದು ದೊಡ್ಡ ಕಾರ್ಯದಲ್ಲಿ ಅವರಿಗೆ ಹಳ್ಳಿಗಳ ಸಮೀಕ್ಷೆಯ ಕೆಲಸವು ಸಿಕ್ಕಿತು. ಆ ಕಾರ್ಯವು ಸಾಲದಲ್ಲಿ ಮುಳುಗಿ ೧೯೨೦ರಲ್ಲಿ ಕುಸಿದುಬಿತ್ತು. ಬೋಯ್ಸೆನರು ಒಂದು ಸಭೆಯ ಕರೆಗಾಗಿ ಎದುರುನೋಡುತ್ತಾ ಬೋಸ್ಟನ್ ಪಟ್ಟಣದ ಹತ್ತಿರ ತಮ್ಮ ಮನೆಯವರ ಸಂಗಡ ಇದ್ದರು. ವಯಸ್ಸು ಸಾಗಿತ್ತು, ಮದುವೆಯಾಗಿರಲಿಲ್ಲ, ಯಾವ ಕೆಲಸವೂ ನೆಲೆನಿಂತಿರಲಿಲ್ಲ. ಆ ದಿವಸಗಳಲ್ಲಿ ತಮ್ಮ ನಂಬಿಕೆಯ ಅರಿಕೆಯನ್ನು ಬರೆಯುತ್ತಿರುವಾಗ ಅವರ ಆಲೋಚನೆಗಳು ಕಟ್ಟುತಪ್ಪಿ ಹರಿಯತೊಡಗಿದವು. ಲೋಕಕ್ಕೆ ಮಹಾನಾಶವು ಬರಲಿದೆ ಎಂಬ ಭಯವು ಅವರನ್ನು ಹಿಡಿಯಿತು. ಮನೆಯವರಿಗೆ ದಿಕ್ಕು ತೋಚಲಿಲ್ಲ. ೧೯೨೦ನೆಯ ಅಕ್ಟೋಬರ್ ೯ರಂದು ಅವರು ಬೋಸ್ಟನಿನ ಮನೋರೋಗದ ಆಸ್ಪತ್ರೆಗೆ ಸೇರಿಸಲ್ಪಟ್ಟರು. ಸುಮಾರು ಒಂದು ವಾರದ ಮೇಲೆ ವೆಸ್ಟ್‌ಬರೋ ಎಂಬಲ್ಲಿಯ ದೊಡ್ಡ ಸರಕಾರಿ ಆಸ್ಪತ್ರೆಗೆ ಒಯ್ಯಲ್ಪಟ್ಟರು.

ಇಂದು ಸ್ಕಿಜೊಫ್ರೀನಿಯ ಎಂದು ಕರೆಯಲ್ಪಡುವ ರೋಗದ ಒಂದು ಬಗೆ ಇದು ಎಂದು ಅಲ್ಲಿಯ ವೈದ್ಯರು ಹೇಳಿದರು. ಆ ಕಾಲದಲ್ಲಿ ಇದಕ್ಕೆ ತಕ್ಕ ಮದ್ದುಗಳಿರಲಿಲ್ಲ. ಈಗಿನ ಮದ್ದುಗಳಲ್ಲಿ ಮೊದಲನೆಯದು ಬಳಕೆಗೆ ಬಂದದ್ದು ೧೯೫೨ರಲ್ಲಿ. ಆದದರಿಂದ ಇಂಥ ರೋಗಿಗಳನ್ನು ಕಾದಿರಿಸುವದೇ ಹೆಚ್ಚಾಗಿ ಆಸ್ಪತ್ರೆಯ ಕೆಲಸವಾಗಿತ್ತು. ಬೋಯ್ಸೆನರು ಕೆಲವು ವಾರಗಳಲ್ಲಿ ಚೇತರಿಸಿಕೊಂಡರು, ಬಳಿಕ ಪುನಃ ಬಿದ್ದರು, ಪುನಃ ಚೇತರಿಸಿಕೊಂಡರು. ಹೊರಗಿನವರ ಕಣ್ಣಿಗೆ ಅವರ ಸೇವೆಯು ಅಲ್ಲಿಗೆ ಮುಗಿದಿತ್ತು. ಹುಚ್ಚು ಹಿಡಿದು ಬಂದ ಬೋಧಕನನ್ನು ಯಾವ ಸಭೆಯು ಕರೆದೀತು?

೩. ಆಸ್ಪತ್ರೆಯ ಒಳಗಿನಿಂದ ಕಂಡ ಕೆಲಸ

ಮನಸ್ಸು ತಿಳಿಯಾದ ದಿವಸಗಳಲ್ಲಿ ಬೋಯ್ಸೆನರು ಸುಮ್ಮನೆ ಕೂತಿರಲಿಲ್ಲ. ತಮ್ಮ ಸುತ್ತಲಿನವರನ್ನು ನೋಡಿದರು. ದೇಹಕ್ಕೆ ಅನ್ನವೂ ಹಾಸಿಗೆಯೂ ಇದ್ದವು. ಆದರೆ ಒಬ್ಬೊಬ್ಬನ ಬಳಿಯಲ್ಲಿ ಕೂತು, ನಿನಗೆ ಏನಾಯಿತು, ನೀನು ಯಾವದಕ್ಕೆ ಅಂಜುತ್ತೀ ಎಂದು ಕೇಳುವವರು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದರು. ಆದಿತ್ಯವಾರದ ಆರಾಧನೆಯನ್ನು ನಡಿಸುವದಕ್ಕೆ ಹೊರಗಿನಿಂದ ಬೋಧಕರು ಬರುತ್ತಿದ್ದರು. ಅವರಿಗೆ ದೇವಶಾಸ್ತ್ರವು ತಿಳಿದಿತ್ತು. ಕೇಳುತ್ತಿದ್ದ ಜನರ ಸಂಕಟವು ತಿಳಿದಿರಲಿಲ್ಲ. ಒಬ್ಬ ಬೋಧಕನು, ಪಾಪಕ್ಕೆ ಕಾರಣವಾಗುವ ಕಣ್ಣನ್ನು ಕಿತ್ತು ಬಿಸಾಡುವದನ್ನು ಕುರಿತಾದ ಮತ್ತಾಯನ ವಚನವನ್ನು ತೆಗೆದುಕೊಂಡು ಪ್ರಸಂಗಿಸಿದನು. ತಮ್ಮ ಜೊತೆಯ ರೋಗಿಗಳಲ್ಲಿ ಒಬ್ಬಿಬ್ಬರು ಅದನ್ನು ಅಕ್ಷರಶಃ ನಡಿಸಿಬಿಟ್ಟಾರೆಂದು ಬೋಯ್ಸೆನರು ಹೆದರಿದರಂತೆ. ಉಪದೇಶಿಗಳಾದ ನಾವು ಈ ಸಂಗತಿಯನ್ನು ಮರೆಯತಕ್ಕದ್ದಲ್ಲ. ವಚನವು ಸತ್ಯವಾಗಿದ್ದರೆ ಸಾಲದು. ಅದು ಯಾರ ಕಿವಿಗೆ ಬೀಳುತ್ತದೆಂಬದನ್ನು ನೋಡಿ ಹೇಳಬೇಕು.

ಹೊರಗಿನ ಸ್ನೇಹಿತರಲ್ಲಿ ಕೆಲವರು ಅವರನ್ನು ಬಿಟ್ಟುಬಿಡಲಿಲ್ಲ. ಪತ್ರಗಳು ಬಂದವು. ಒಬ್ಬ ಸ್ನೇಹಿತನು ಮನಶ್ಶಾಸ್ತ್ರದ ಒಂದು ಪುಸ್ತಕವನ್ನು ಕಳುಹಿಸಿಕೊಟ್ಟನು. ಓದುತ್ತಾ ಆಲೋಚಿಸುತ್ತಾ ಬೋಯ್ಸೆನರು ಒಂದು ನಿಶ್ಚಯಕ್ಕೆ ಬಂದರು. ಅದೇನಂದರೆ, ಇಂಥ ರೋಗಿಗಳ ನಡುವೆ ಸೇವೆಮಾಡುವದಕ್ಕೆ ತಿಳುವಳಿಕೆಯುಳ್ಳ ಬೋಧಕರು ಬೇಕು. ದೇವರು ತನಗೆ ಸ್ವಸ್ಥತೆಯನ್ನು ಕೊಟ್ಟರೆ ತನ್ನ ಉಳಿದ ಆಯುಷ್ಯದ ಕೆಲಸವು ಇದೇ. ಹೀಗೆ ಯಾವ ಸ್ಥಳದಲ್ಲಿ ಅವರ ಹಳೆಯ ಬದುಕು ಮುರಿಯಿತೋ ಅದೇ ಸ್ಥಳದಲ್ಲಿ ಹೊಸದರ ಅಸ್ತಿವಾರವು ಬಿತ್ತು.

೧೯೨೨ರ ಜನವರಿಯಲ್ಲಿ ಬಿಡುಗಡೆಯಾದ ಮೇಲೆ ಅವರು ನಾಲ್ವತ್ತೈದನೆಯ ವಯಸ್ಸಿನಲ್ಲಿ ಪುನಃ ವಿದ್ಯಾರ್ಥಿಯಾದರು. ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ರಿಚರ್ಡ್ ಕ್ಯಾಬಟ್ ಮೊದಲಾದವರಿಂದ ಕಲಿತರು. ೧೯೨೪ರಲ್ಲಿ ವುಸ್ಟರ್ ಎಂಬ ಪಟ್ಟಣದ ಸರಕಾರಿ ಮನೋರೋಗದ ಆಸ್ಪತ್ರೆಯ ಮುಖ್ಯಸ್ಥರಾದ ವಿಲಿಯಂ ಬ್ರಯನ್ ಅವರು ಇವರನ್ನು ಅಲ್ಲಿಯ ಬೋಧಕರನ್ನಾಗಿ ತೆಗೆದುಕೊಂಡರು. ಇವರು ಮುಂಚೆ ರೋಗಿಯಾಗಿದ್ದರೆಂಬದು ಕೆಲಸಕ್ಕೆ ಅಡ್ಡಿಯಾಗಲಿಲ್ಲ.

ಮಾರನೆಯ ವರುಷ, ೧೯೨೫ರ ಬೇಸಿಗೆಯಲ್ಲಿ, ನಾಲ್ಕು ಮಂದಿ ದೇವಜ್ಞಾನದ ವಿದ್ಯಾರ್ಥಿಗಳು ಇವರ ಬಳಿಗೆ ಕಲಿಯುವದಕ್ಕೆ ಬಂದರು. ಬೋಯ್ಸೆನರು ಅವರಿಗೆ ಮೊದಲು ಪ್ರಸಂಗವನ್ನು ಕಲಿಸಲಿಲ್ಲ. ಆಸ್ಪತ್ರೆಯ ಆಳುಗಳ ಸಂಗಡ ವಾರ್ಡಿನ ಕೆಲಸಕ್ಕೆ ಹಚ್ಚಿದರು. ರೋಗಿಗಳ ಆರೈಕೆ ಮಾಡುವದು, ಅವರೊಡನೆ ತಿರುಗಾಡುವದು, ಅವರ ಮಾತನ್ನು ತಾಳ್ಮೆಯಿಂದ ಕೇಳುವದು, ಕೇಳಿದ್ದನ್ನು ಬರೆದು ವಿಚಾರಮಾಡುವದು, ಇದೇ ಪಾಠ. ಬೋಧಕನು ಪುಸ್ತಕವನ್ನು ಎಷ್ಟು ಜಾಗ್ರತೆಯಿಂದ ಓದುತ್ತಾನೋ ಅಷ್ಟೇ ಜಾಗ್ರತೆಯಿಂದ ಸಂಕಟದಲ್ಲಿರುವ ಮನುಷ್ಯನ ಬಾಳನ್ನೂ ಓದಿ ತಿಳಿಯಬೇಕೆಂಬದು ಅವರ ಬೋಧನೆಯ ಸಾರವು. ೧೯೨೬ರಲ್ಲಿ ಅವರು ಆಸ್ಪತ್ರೆಗಳಲ್ಲಿ ಹಾಡತಕ್ಕ ಗೀತಗಳ ಒಂದು ಪುಸ್ತಕವನ್ನು ಕೂಡಿಸಿದರು; ಕಳವಳಗೊಂಡ ಮನಸ್ಸಿಗೆ ಧೈರ್ಯವನ್ನೂ ನಿರೀಕ್ಷೆಯನ್ನೂ ಕೊಡುವವುಗಳನ್ನು ಅದರಲ್ಲಿ ಆರಿಸಿಟ್ಟರು. ೧೯೩೦ರಲ್ಲಿ ಈ ತರಬೇತಿಗಾಗಿ ಒಂದು ಮಂಡಲಿಯೇ ಸ್ಥಾಪಿಸಲ್ಪಟ್ಟಿತು. ನಾಲ್ವರಿಂದ ಆರಂಭವಾದ ಈ ಕಲಿಕೆಯು ಬೋಧಕರನ್ನು ಸಿದ್ಧಪಡಿಸುವ ಒಂದು ಮುಖ್ಯ ಕ್ರಮವಾಗಿ ಲೋಕದಲ್ಲಿ ಹಬ್ಬಿತು. ನಮ್ಮ ದೇಶದಲ್ಲಿಯೂ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಕಲಿಸುತ್ತಾರೆ.

೪. ರೋಗವು ಮರಳಿ ಬಂದಾಗ

ಇಲ್ಲಿಗೆ ಚರಿತ್ರೆಯನ್ನು ನಿಲ್ಲಿಸಿದರೆ ಕೇಳುವದಕ್ಕೆ ಇಂಪಾಗಿದ್ದೀತು. ಆದರೆ ಪೂರ್ಣ ಸತ್ಯವಾಗಲಾರದು. ೧೯೩೦ರಲ್ಲಿ ಬೋಯ್ಸೆನರ ತಾಯಿಯು ತೀರಿಹೋದಳು. ಅದೇ ವರುಷದ ಕೊನೆಯಲ್ಲಿ ರೋಗವು ಮರಳಿ ಬಂತು. ೧೯೩೫ರಲ್ಲಿ, ಅವರು ಬಹಳ ವರುಷಗಳಿಂದ ಪ್ರೀತಿಸಿದ್ದ ಸ್ತ್ರೀಯು ಮರಣಕರವಾದ ರೋಗದಲ್ಲಿದ್ದಾಗ, ಇನ್ನೊಮ್ಮೆ ಬಂತು. ಎರಡು ಸಾರಿಯೂ ಅವರು ಮೊದಲಿಗಿಂತ ಬೇಗನೆ ಗುಣಹೊಂದಿದರು. ಆದರೆ ಜೊತೆಗೆ ದುಡಿದವರಲ್ಲಿಯೂ ಕೆಲವರು, ಇಂಥವನು ಇನ್ನು ಇತರರಿಗೆ ಕಲಿಸಬಹುದೋ ಎಂದು ಸಂದೇಹಪಟ್ಟರು. ತಾನೇ ನೆಟ್ಟ ಮರದ ನೆರಳಿನಿಂದ ಮನುಷ್ಯನನ್ನು ಎಬ್ಬಿಸಿ ಕಳುಹಿಸಿದ ಹಾಗಿತ್ತು ಅದು.

ಆದಾಗ್ಯೂ ಬಾಗಿಲು ಮುಚ್ಚಲಿಲ್ಲ. ೧೯೩೨ರಲ್ಲಿ ಇಲಿನಾಯ್ ಸೀಮೆಯ ಎಲ್ಜಿನ್ ಎಂಬಲ್ಲಿಯ ಆಸ್ಪತ್ರೆಯು ಅವರನ್ನು ಬೋಧಕರನ್ನಾಗಿ ಸೇರಿಸಿಕೊಂಡಿತು. ೧೯೩೫ರ ರೋಗದ ಮೇಲೆಯೂ ಅವರಿಗೆ ಅಲ್ಲಿ ಸ್ಥಳವಿತ್ತು. ೧೯೩೬ರಲ್ಲಿ ಅವರ ಮುಖ್ಯ ಗ್ರಂಥವು ಹೊರಬಂತು. ೧೯೬೦ರಲ್ಲಿ, ಎಂಭತ್ತು ದಾಟಿದ ಮೇಲೆ, ತಮ್ಮ ರೋಗದ ಸಂಗತಿಗಳನ್ನು ಮರೆಮಾಡದೆ ಆತ್ಮಚರಿತ್ರೆಯನ್ನು ಬರೆದು ಪ್ರಕಟಿಸಿದರು. ೧೯೬೫ರಲ್ಲಿ ಎಲ್ಜಿನಿನಲ್ಲೇ ತೀರಿಹೋದರು.

ಈ ಚರಿತ್ರೆಯಿಂದ ಎರಡು ತಪ್ಪು ಅರ್ಥಗಳನ್ನು ತೆಗೆಯಬಾರದು. ಒಂದನೆಯದು, ಮನೋರೋಗಿಗಳೆಲ್ಲರೂ ಹೀಗೆ ಹೆಸರುಗೊಳ್ಳಬೇಕೆಂಬದು. ಹೆಚ್ಚಿನವರಿಗೆ ಹೊಸ ಬದುಕು ಅಂದರೆ ತಿರಿಗಿ ನಾಲ್ಕು ಕುರಿ ಸಾಕುವದು, ಅಂಗಡಿಯ ಲೆಕ್ಕ ಬರೆಯುವದು, ಮಗಳ ಮದುವೆಯಲ್ಲಿ ತಾನೇ ನಿಂತು ಬಡಿಸುವದು; ಅದು ಕಡಿಮೆಯಾದದ್ದಲ್ಲ. ಎರಡನೆಯದು, ಮದ್ದಿಲ್ಲದೆ ಅವರು ಗುಣವಾದದರಿಂದ ನಮಗೂ ಮದ್ದು ಬೇಡವೆಂಬದು. ಅವರ ಕಾಲದಲ್ಲಿ ಮದ್ದು ಇರಲಿಲ್ಲ. ನಮ್ಮ ಕಾಲದಲ್ಲಿ ಇದೆ. ಇರುವದನ್ನು ಬಿಡುವದು ನಂಬಿಕೆಯಲ್ಲ, ಅವಿವೇಕವು.

೫. ನಮ್ಮ ನಡುವೆ ಕೇಳಿಬರುವ ಮೂರು ಮಾತುಗಳು

ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರ ಅಜ್ಜಂದಿರು ಈ ಮಾರ್ಗವನ್ನು ಹಿಡಿದ ಕಾಲಕ್ಕೆ ಊರ ಬಾವಿಯಿಂದಲೂ ನೆಂಟರ ಪಂಕ್ತಿಯಿಂದಲೂ ದೂರಮಾಡಲ್ಪಟ್ಟವರು. ಹೊರಗಿಡಲ್ಪಡುವದು ಎಂಥದೆಂದು ನಮ್ಮ ಜನರಿಗೆ ಇತರರು ಹೇಳಿಕೊಡಬೇಕಾಗಿಲ್ಲ. ಅಂಥ ನಾವೇ ನಮ್ಮ ನಡುವಿನ ರೋಗಿಯನ್ನು ಹೊರಗಿಟ್ಟರೆ ನಮ್ಮ ಮಾತಿಗೆ ಬೆಲೆಯೇನು? ಆದದರಿಂದ ನಮ್ಮ ಬಾಯಲ್ಲಿ ಬರುವ ಮೂರು ಮಾತುಗಳನ್ನು ಪರೀಕ್ಷಿಸೋಣ.

ಮೊದಲನೆಯ ಮಾತು: ಇದು ಅವನ ಪಾಪದ ಫಲ, ಇಲ್ಲವೆ ಅವನ ಹೆತ್ತವರ ಪಾಪದ ಫಲ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದರು. ಕರ್ತನು ಎರಡನ್ನೂ ಅಲ್ಲಗಳೆದನೆಂದು ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಯೋಬನ ಸ್ನೇಹಿತರು ಏಳು ದಿವಸ ಅವನ ಬಳಿ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಸ್ನೇಹಿತರಾಗಿದ್ದರು. ಕಾರಣವನ್ನು ಹುಡುಕಿ ಬಾಯಿತೆರೆದ ಮೇಲೆ ಪೀಡಕರಾದರು. ಮನೋರೋಗಕ್ಕೆ ಕಾರಣಗಳು ಹಲವು. ವಂಶದಿಂದ ಬರುವ ದೇಹಸ್ಥಿತಿ, ಮಿದುಳಿನ ವ್ಯತ್ಯಾಸಗಳು, ಹೆರಿಗೆ, ಕುಡಿತ, ಸಾಲ, ಅಗಲಿಕೆ, ಕೆಲಸದ ನಷ್ಟ ಇವುಗಳಲ್ಲಿ ಒಂದಾಗಲಿ ಹಲವು ಕೂಡಿಯಾಗಲಿ ಮನುಷ್ಯನನ್ನು ಕೆಡವಬಹುದು.

ಎರಡನೆಯ ಮಾತು: ಇದು ದೆವ್ವದ ಕಾಟ, ಪ್ರಾರ್ಥನೆ ಸಾಕು, ಮಾತ್ರೆ ನುಂಗುವದು ಅವಿಶ್ವಾಸ. ಮತ್ತಾಯನು ನಾಲ್ಕನೆಯ ಅಧ್ಯಾಯದಲ್ಲಿ ಕರ್ತನ ಬಳಿಗೆ ತರಲ್ಪಟ್ಟವರನ್ನು ಹೇಳುವಾಗ ದೆವ್ವಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಪಾರ್ಶ್ವವಾಯುವಿನವರನ್ನೂ ಬೇರೆಬೇರೆಯಾಗಿ ಹೇಳಿದ್ದಾನೆ. ಎಲ್ಲಾ ರೋಗವನ್ನೂ ದೆವ್ವವೆಂದು ಹೇಳುವವರು ಆತನಿಗಿಂತ ಹೆಚ್ಚು ಹೇಳುತ್ತಾರೆ. ಲೂಕನು ವೈದ್ಯನಾಗಿದ್ದನು, ಪೌಲನು ಅವನನ್ನು ಪ್ರಿಯನೆಂದು ಕರೆದನು. ಜ್ವರಕ್ಕೆ ಪ್ರಾರ್ಥನೆಯನ್ನೂ ಮದ್ದನ್ನೂ ಕೂಡಿಸುವ ನಾವು ಮನಸ್ಸಿನ ರೋಗಕ್ಕೆ ಮಾತ್ರ ಅವುಗಳನ್ನು ಬೇರ್ಪಡಿಸುವದು ಯಾಕೆ?

ಮೂರನೆಯ ಮಾತು: ಒಮ್ಮೆ ಹುಚ್ಚನಾದವನು ಎಂದಿಗೂ ಹುಚ್ಚನೇ, ಅವನಿಂದ ಅಪಾಯ. ಇದೂ ನಿಜವಲ್ಲ. ಅನೇಕರು ಪೂರ್ಣವಾಗಿ ಗುಣಹೊಂದುತ್ತಾರೆ. ಅನೇಕರು ಸಿಹಿಮೂತ್ರದ ರೋಗಿಗಳಂತೆ ದಿನಾಲು ಮದ್ದು ತೆಗೆದುಕೊಳ್ಳುತ್ತಾ ದುಡಿದು ಸಂಸಾರ ನಡಿಸುತ್ತಾರೆ. ಮನೋರೋಗಿಗಳಲ್ಲಿ ಹೆಚ್ಚಿನವರು ಯಾರನ್ನೂ ಹೊಡೆಯುವವರಲ್ಲ. ಅವರೇ ಇತರರಿಂದ ಹೊಡೆಸಿಕೊಳ್ಳುವದುಂಟು. ಇನ್ನು ಇವರು ಎಲ್ಲೋ ಒಬ್ಬಿಬ್ಬರೆಂದು ತಿಳಿಯಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ನಮ್ಮ ದೇಶದ ೧೨ ರಾಜ್ಯಗಳಲ್ಲಿ ನಡಿಸಿದ ಸಮೀಕ್ಷೆಯ ಪ್ರಕಾರ ವ್ಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿ ಒಂದಿಲ್ಲೊಂದು ಬಗೆಯ ಮನೋರೋಗದಲ್ಲಿದ್ದರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯು ಸಿಕ್ಕಿರಲಿಲ್ಲ. ಸಿಕ್ಕದೆ ಹೋದದಕ್ಕೆ ನಾಚಿಕೆಯೂ ಒಂದು ಕಾರಣವು.

ಹೆಸರುಗಳನ್ನೂ ತಿದ್ದಿಕೊಳ್ಳೋಣ. ಬೆಂಗಳೂರಿನ ಹುಚ್ಚರ ಆಸ್ಪತ್ರೆಯೆಂಬ ಹೆಸರನ್ನು ಬಿಟ್ಟು ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಮೈಸೂರು ಸರಕಾರವು ೧೯೨೫ರಲ್ಲೇ ಇಟ್ಟಿತು. ಆ ಆಸ್ಪತ್ರೆಯನ್ನು ೧೯೫೪ರಲ್ಲಿ ತೆರೆದ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ೧೯೭೪ರಲ್ಲಿ ಕೂಡಿಸಿದ್ದರಿಂದ ಈಗಿನ ನಿಮ್ಹಾನ್ಸ್ ಆಯಿತು. ನೂರು ವರುಷಗಳ ಹಿಂದೆ ಸರಕಾರವು ಬಿಟ್ಟ ಮಾತನ್ನು ನಾವು ಇನ್ನೂ ನಾಲಿಗೆಯ ಮೇಲೆ ಇಟ್ಟುಕೊಳ್ಳುವದು ಒಳ್ಳೇದಲ್ಲ.

೬. ನಾವು ಮಾಡತಕ್ಕವುಗಳು

ಒಂದನೆಯದು, ಚಿಕಿತ್ಸೆಗೆ ಕರಕೊಂಡು ಹೋಗುವದು. ಇದಕ್ಕಾಗಿ ಬೆಂಗಳೂರಿನ ತನಕ ಹೋಗಲೇಬೇಕೆಂಬದಿಲ್ಲ. ಹಳ್ಳಿಯ ಆರೋಗ್ಯಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಅಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಮಾಡಬಹುದೆಂಬದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ೧೯೯೦ರ ವರೆಗೆ ನಡೆದ ಪ್ರಯೋಗದಲ್ಲಿ ತೋರಿಬಂತು. ಅದರ ಮಾದರಿಯಲ್ಲಿ ೧೯೯೬ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಆದದರಿಂದ ಮೊದಲು ತಾಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ೨೦೨೨ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯು ನಡೆಯುತ್ತಿದೆ. ಹಗಲಾಗಲಿ ರಾತ್ರಿಯಾಗಲಿ ೧೪೪೧೬ ಎಂಬ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಸಭಾಮಂದಿರದ ಬಾಗಿಲಲ್ಲಿ ಬರೆದು ಹಾಕತಕ್ಕದ್ದು. ಗುಣವಾದ ಹಾಗೆ ತೋರಿದ ಕೂಡಲೇ ಮದ್ದನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಎರಡನೆಯದು, ಕಟ್ಟಿಹಾಕದಿರುವದು. ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ನೆಯ ಆಗಸ್ಟ್ ೬ರಂದು ಒಂದು ಆಶ್ರಯಸ್ಥಾನಕ್ಕೆ ಬೆಂಕಿ ಹತ್ತಿದಾಗ, ಸಂಕೋಲೆಗಳಲ್ಲಿದ್ದ ರೋಗಿಗಳು ಓಡಲಾರದೆ ಇಪ್ಪತ್ತೈದಕ್ಕಿಂತ ಹೆಚ್ಚು ಮಂದಿ ಸತ್ತರು. ಗುಣವಾಗಲೆಂದು ಮನೆಯವರೇ ಅಲ್ಲಿಗೆ ತಂದು ಬಿಟ್ಟಿದ್ದವರು ಅವರು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸಂಕೋಲೆಯಿಂದ ಬಂಧಿಸುವದನ್ನು ನಿಷೇಧಿಸಿದೆ. ಚಿಕಿತ್ಸೆಯು ಪ್ರತಿಯೊಬ್ಬನ ಹಕ್ಕೆಂದೂ ಹೇಳಿದೆ.

ಮೂರನೆಯದು, ಸಾವಿನ ಮಾತನ್ನು ಹಗುರವಾಗಿ ಎಣಿಸದಿರುವದು. ನಾನಿಲ್ಲದಿದ್ದರೆ ನಿಮಗೆಲ್ಲಾ ಒಳ್ಳೇದು ಎಂದು ಒಬ್ಬನು ಹೇಳಿದರೆ ಅವನನ್ನು ಗದರಿಸಬಾರದು, ಒಬ್ಬನನ್ನೇ ಬಿಡಲೂ ಬಾರದು. ಬೆಳೆಗೆ ಹೊಡೆಯುವ ವಿಷದ ಡಬ್ಬಿಗಳನ್ನು ಬೀಗಹಾಕಿ ಇಡಬೇಕು. ಅದೇ ದಿವಸ ಸಹಾಯವನ್ನು ಕರೆಯಬೇಕು. ಸಾಯಲು ಯತ್ನಿಸಿ ಬದುಕಿ ಉಳಿದವನು ಬಹಳ ಮನೋಬಾಧೆಯಲ್ಲಿ ಇದ್ದನೆಂದೇ ಆ ಕಾಯಿದೆಯು ಎಣಿಸಿ, ಅವನಿಗೆ ಆರೈಕೆ ಬೇಕೆನ್ನುತ್ತದೆ. ಸಭೆಯು ಕಾಯಿದೆಗಿಂತ ಕಠಿಣವಾಗಿರಬಾರದು. ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು ಮರಣವನ್ನು ಬೇಡಿದಾಗ, ದೇವದೂತನು ಅವನನ್ನು ಬೈಯಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟನು, ತಿರಿಗಿ ಮಲಗಗೊಟ್ಟನು, ಮತ್ತೊಮ್ಮೆ ಎಬ್ಬಿಸಿ ಊಟಕೊಟ್ಟನು. ಅವನ ಮುಂದಿನ ಕೆಲಸದ ಮಾತು ಬಂದದ್ದು ಅದರ ಮೇಲೆಯೇ.

ನಾಲ್ಕನೆಯದು, ಕೆಲಸಕೊಡುವದು. ಸರಕಾರಿ ನೌಕರಿಯಲ್ಲಿರುವವನಿಗೆ ಇಂಥ ರೋಗದಿಂದ ಅಂಗವೈಕಲ್ಯವುಂಟಾದರೆ ಆ ಕಾರಣದಿಂದ ಅವನನ್ನು ತೆಗೆಯಲಾಗಲಿ ಕೆಳಗಿನ ದರ್ಜೆಗೆ ಇಳಿಸಲಾಗಲಿ ಬಾರದೆಂದು ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಇದೆ. ಇದನ್ನು ತಿಳಿಯದೆ ರಾಜೀನಾಮೆ ಬರಕೊಟ್ಟು ಬರಬೇಡಿರಿ. ಕೂಲಿಯವನಿಗೂ ಅಂಗಡಿಯವನಿಗೂ ಅಂಥ ಕಾಯಿದೆಯ ಆಸರೆ ಇಲ್ಲ. ಅವನಿಗೆ ನೆರೆಯವರೇ ಆಸರೆ. ಮೊದಲು ಅರ್ಧ ದಿವಸದ ಕೆಲಸ, ಆಮೇಲೆ ಪೂರ್ಣ ದಿವಸದ್ದು. ಕನಿಕರದ ಕಾಸು ಬೇಡ. ಇತರರಿಗೆ ಕೊಡುವಷ್ಟೇ ಕೂಲಿಯನ್ನು ಕೊಡಿರಿ. ಮುಂಚೆ ಸಭೆಯ ಲೆಕ್ಕವನ್ನು ಇಡುತ್ತಿದ್ದವನಾದರೆ, ಇಲ್ಲವೆ ಗಂಟೆ ಬಾರಿಸುತ್ತಿದ್ದವನಾದರೆ, ಗುಣವಾದ ಮೇಲೆ ಆ ಕೆಲಸವನ್ನು ತಿರಿಗಿ ಅವನ ಕೈಗೆ ಕೊಡಿರಿ. ಬೋಯ್ಸೆನರಿಗೆ ತರಬೇತಿಯೂ ಸ್ನೇಹಿತರ ಪತ್ರಗಳೂ ಎಷ್ಟೇ ಇದ್ದರೂ, ಒಬ್ಬ ಮುಖ್ಯಸ್ಥನು ನಾಳೆಯಿಂದ ಬಾ ಎಂದು ಹೇಳದೆ ಇದ್ದಿದ್ದರೆ ಅವರ ಎರಡನೆಯ ಬಾಳು ಆರಂಭವಾಗುತ್ತಿರಲಿಲ್ಲ. ರೋಗಿಯಾಗಿದ್ದವನು ಎದ್ದು ನಿಲ್ಲುವದು ಅವನೊಬ್ಬನ ಪ್ರಯತ್ನದಿಂದಲ್ಲ. ನಿಲ್ಲುವದಕ್ಕೆ ನಾವು ನೆಲವನ್ನು ಬಿಟ್ಟುಕೊಡಬೇಕು.

ಪ್ರಿಯರೇ, ಈ ಪಾಠವನ್ನು ಓದುವಾಗ ನಿಮ್ಮ ಊರಿನ ಒಬ್ಬನ ಮುಖವು ನಿಮ್ಮ ಕಣ್ಣ ಮುಂದೆ ಬಂದಿರಬಹುದು. ಬರುವ ಆದಿತ್ಯವಾರದೊಳಗೆ ಅವನ ಮನೆಗೆ ಹೋಗಿರಿ. ರೋಗವನ್ನು ಕುರಿತು ಪ್ರಶ್ನೆಗಳನ್ನು ಕೇಳಬೇಡಿರಿ, ಉಪದೇಶವನ್ನೂ ಮಾಡಬೇಡಿರಿ. ಜಗಲಿಯ ಮೇಲೆ ಕೂತು ಮಳೆಬೆಳೆಯ ಮಾತಾಡಿರಿ. ಏಳುವಾಗ, ನಾಳೆಯೂ ಬರುತ್ತೇನೆ ಎಂದು ಹೇಳಿ, ಹೇಳಿದ ಹಾಗೆಯೇ ಹೋಗಿರಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕೆಲಸವು ಹೋದಾಗ ಹಣದ ಹೊರತಾಗಿ ಮನುಷ್ಯನಿಗೆ ಯಾವ ಯಾವ ನಷ್ಟಗಳಾಗುತ್ತವೆ?

೨. ಆಸ್ಪತ್ರೆಯಲ್ಲಿದ್ದಾಗ ಬೋಯ್ಸೆನರು ಕಂಡ ಕೊರತೆ ಯಾವದು? ನಮ್ಮ ಆರಾಧನೆಗಳಲ್ಲಿಯೂ ಆ ಕೊರತೆ ಇದೆಯೋ?

೩. ಅವರ ರೋಗವು ಮರಳಿ ಬಂದಾಗ ಕೆಲವರು ನಡೆದ ರೀತಿಗೂ ಎಲ್ಜಿನ್ ಆಸ್ಪತ್ರೆಯವರು ನಡೆದ ರೀತಿಗೂ ಇರುವ ವ್ಯತ್ಯಾಸವೇನು?

೪. ಮೇಲೆ ಹೇಳಿದ ಮೂರು ಮಾತುಗಳಲ್ಲಿ ನಮ್ಮ ಊರಲ್ಲಿ ಹೆಚ್ಚಾಗಿ ಕೇಳಿಬರುವದು ಯಾವದು?

೫. ನಮ್ಮ ಸಭೆಯ ಕೆಲಸಗಳಲ್ಲಿ ಯಾವದನ್ನು, ಯಾರ ಕೈಗೆ, ಎಂದಿನಿಂದ ತಿರಿಗಿ ಕೊಡಬಹುದು?